ಮುನೇಶ್ವರ ಬಾರಿಸಿದ ಡ್ರಮ್ಸು

ನನ್ನ ಮಗಳ ಹೆಸರು ಅಚ್ಚಾಗಿ ಬಂದಿದೆ! ಇವತ್ತು ಬೆಳಿಗ್ಗೆ ಕೊರಿಯರ್‌ನವನು ಒಂದು ಅಗಲವಾದ ರಟ್ಟಿನ ಕವರ್ ಕೊಟ್ಟು ಹೋದ. ಅದರೊಳಗೆ ಹಳೇ ಕಾಲದ ಗ್ರಾಮಫೋನ್ ಪ್ಲೇಟು. ಕವರಿನ ಬೆನ್ನಿಗೆ ಕರೀ ಬಣ್ಣದ ಮೇಲೆ ಬಿಳೀ ಅಕ್ಷರದಲ್ಲಿ 'ಡ್ರಮ್ಸ್: ಮಂಜುಳ' ಅಂತ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೆ ಈ ನಾಲ್ಕಾರು ಅಕ್ಷರವನ್ನು ಯಾರನ್ನೂ ಕೇಳದೆ ಓದಿದೆ, ಬೆರಳಿಟ್ಟು ಮತ್ತೆ ಓದಿದೆ, ಮೂಸಿಯೂ ನೋಡಿದೆ. ಹೊಸ ಪಠ್ಯಪುಸ್ತಕದ ವಾಸನೆ. ರಜಕ್ಕೆ ಬಂದಿದ್ದ ಮೊಮ್ಮಗಳು ಸಿಂಚನ, "ಅಜ್ಜೀ, ಉಜ್ಜಿ ಉಜ್ಜಿ ಅಮ್ಮನ ಹೆಸರು ಅಳಿಸ್ಬಿಡ್ತೀಯ, ಕೊಡಿಲ್ಲಿ" ಅಂತ ಕಿತ್ತುಕೊಂಡಳು.

ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ತಟ್ಟೆಗೆ ಸುರಿದುಕೊಂಡು ಬೀದಿಗೆ ಹೊರಟೆ. ಎದುರು ಮನೆಯವಳ ಮೇಕೆ ನಮ್ಮ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದಾಗಿನಿಂದ ಅವಳ ಜೊತೆ ಮಾತು ಬಿಟ್ಟಿದ್ದೆ. ಅವಳಿಗೂ ಕೊಟ್ಟೆ. ಅವಳು ಬಾಯಿಗೆ ಹಾಕಿಕೊಂಡು, "ಏನಕ್ಕಾ, ಮೊಮ್ಮಗಳಿಗೆ ಗಂಡು ಗೊತ್ತಾಯ್ತಾ?" ಅಂದಳು. ನೋಡಿ, ಅಲ್ಲೇ ನನ್ನ ಪಿತ್ತ ನೆತ್ತಿಗೇರಿತು. ಹೆಣ್ಣುಮಕ್ಕಳ ಹೆಸರಲ್ಲಿ ಸಕ್ಕರೆ ಹಂಚೋದು ಮದುವೆಗೆ ಮಾತ್ರವಾ? ಕೊಟ್ಟ ಸಕ್ಕರೆ ವಾಪಸ್ ಕೇಳೋಕಾಗಲ್ಲ ಅಂತ ಸುಮ್ಮನೆ ಬಂದೆ. ಸಂತೋಷ ನನಗೆ ಹೊಟ್ಟೆ ತುಂಬ ಇದೆ, ತುಂಬಿ ಚೆಲ್ಲುತ್ತಿದೆ. ಆದರೆ ಅದು ಬರುವಾಗ ಒಂದು ಗಾಡಿ ಸಿಟ್ಟನ್ನೂ ಜೊತೆಗೆ ಹೇರಿಕೊಂಡು ಬಂದಿದೆ. ಕೂತುಕೊಳ್ಳಿ, ಹೇಳುತ್ತೇನೆ.

ಈ ಪ್ಲೇಟಿನ ಹೆಸರು 'ಹುಳದ ಮನೆ'. ಮಂಜುಳ ಚಿಂತಾಮಣಿಯಲ್ಲಿ ಕಾಲೇಜು ಓದುವಾಗ ಮೂರು ಜನ ಸೇರಿ ಮಾಡಿದ ಹಾಡುಗಳು. ವೆಂಕಟೇಶ ಅಂತ ನಮ್ಮ ಕೆಂಚಾರ್ಲಹಳ್ಳಿಯ ಹುಡುಗ ಹಾಡೋದು. ಮುರುಗಮಲ್ಲದ ಟೈಲರ್ ಮಗ ಫಯಾಜ್ ಗಿಟಾರು. ನಮ್ಮ ಮಂಜಿ ಡ್ರಮ್ಸು. ಆಗ ಕ್ಯಾಸೆಟ್ಟಾಗಿ ಬಂದಿತ್ತು. ಈಗ ಬೆಂಗಳೂರಿನ ಕಂಪನಿಯೊಂದು ಹಳೇ ಟೇಪುಗಳನ್ನು ಹುಡುಕಿ, ತೊಳೆದು ಬಳಿದು, ಪ್ಲೇಟು ಮಾಡಿದೆ. ಇಂಥ ಹಾಡಿಗೆ ಏನೋ ಹೆಸರಿದೆಯಂತೆ. "ಆಲ್ಟರ್ನೇಟಿವ್ ರಾಕ್, ಅಜ್ಜಿ" ಅಂತ ಸಿಂಚನ ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲ್ಲ. ನನ್ನ ಮಟ್ಟಿಗೆ ಅದು ತಲೆನೋವಿನ ಹಾಡು. ಪ್ರೀತಿಯ ತಲೆನೋವು ಅನ್ನಿ.

ಹೆಸರು ಯಾಕೆ ಹಾಗೆ ಬಂತು ಅಂದರೆ, ಅವರು ಹಾಡಿದ್ದು ನಮ್ಮ ಹುಳದ ಮನೆಯಲ್ಲೇ. ರೇಷ್ಮೆ ಹುಳ ಇರುವಾಗ ಆ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆ ಘಾಟೂ ಹೋಗುವಂತಿಲ್ಲ. ಬಾಣಂತಿ ಕೋಣೆಗಿಂತ ಹೆಚ್ಚು ಮಡಿ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಗೋಡೆ ನೆಲ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಮುಂದಿನ ಬೆಳೆಯ ತನಕ ಖಾಲಿ ಬಿಡುತ್ತೇವೆ. ಆ ಖಾಲಿ ದಿನಗಳಿಗೆ ಈ ಮೂವರೂ ಕಾದು ಕೂತಿರುತ್ತಿದ್ದರು. ಮದುವೆ ಬ್ಯಾಂಡ್‌ಸೆಟ್ಟಿನವರು ಬಿಸಾಕಿದ್ದ ಡ್ರಮ್ಮುಗಳನ್ನು ಫಯಾಜ್ ಎಲ್ಲಿಂದಲೋ ತಂದ, ಅವರಪ್ಪನ ಹೊಲಿಗೆ ದಾರದಲ್ಲಿ ಬಿಗಿದ. ಕಿಟಕಿಗೆ ಗೋಣಿಚೀಲ ಕಟ್ಟಿದರು. ನನ್ನ ಹಪ್ಪಳದ ಕೋಲು ಕಾಣೆಯಾಯಿತು. ಮೊನ್ನೆ ಒಬ್ಬರು ಪೇಪರಿನಲ್ಲಿ ಬರೆದಿದ್ದಾರೆ, 'ಗಾಯಕನ ಗಂಟಲಲ್ಲಿ ಒಂದು ತಲೆಮಾರಿನ ಅಳು ಕಟ್ಟಿಕೊಂಡಿದೆ' ಅಂತ. ಅದನ್ನು ಸಿಂಚನ ಓದಿ ಹೇಳಿದಾಗ ನಾನು ನಕ್ಕೆ. ವೆಂಕಟೇಶನ ಗಂಟಲು ಕಟ್ಟಿದ್ದು ಬ್ಲೀಚಿಂಗ್ ಪೌಡರಿಗೆ. ನನಗೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮಂಜಿಗೆ ಯಾರೂ ಕಲಿಸಿದವರಿಲ್ಲ. ಹುಳಕ್ಕೆ ಸೊಪ್ಪು ಹೆಚ್ಚುವಾಗ ಮಚ್ಚಿನಲ್ಲೇ ತಾಳ ಹಾಕುತ್ತಿದ್ದ ಹುಡುಗಿ. ಮದುವೆ ಮನೆಗೆ ಹೋದರೆ ಎಲ್ಲರೂ ಹೆಣ್ಣಿನ ಸೀರೆ ನೋಡಿದರೆ, ಇವಳು ಬ್ಯಾಂಡ್‌ಸೆಟ್ಟಿನವನ ಕೈ ನೋಡುತ್ತಿದ್ದಳು. ಡ್ರಮ್ಮಿನ ಮುಂದೆ ಕೂತರೆ ಬೇರೆ ಯಾರೋ ಆಗಿಬಿಡೋಳು. ಕತ್ತಿನ ನರ ಉಬ್ಬಿ, ಜಡೆ ಬಿಚ್ಚಿ... ಬಾಗಿಲ ಸಂದಿಯಿಂದ ನೋಡಿ ನನಗೆ ಭಯ ಆಗುತ್ತಿತ್ತು. ಭಯದ ಹಿಂದೆ ಒಂದು ಹೆಮ್ಮೆಯೂ ಇಣುಕುತ್ತಿತ್ತು. ಇದು ನನ್ನ ಹೊಟ್ಟೇಲಿ ಹುಟ್ಟಿದ್ದಾ ಅಂತ.

ಕ್ಯಾಸೆಟ್ಟು ಬಂದದ್ದೇ ಬಂದದ್ದು, ಬೆಂಕಿ ಹತ್ತಿದಂತೆ ಹಬ್ಬಿತು. ಹಾಸ್ಟೆಲ್ಲಿನಲ್ಲಿ ಅದೇ, ಟೊಮ್ಯಾಟೊ ಟೆಂಪೋದಲ್ಲಿ ಅದೇ, ಚಿಂತಾಮಣಿ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಅದೇ. ಒಣಗಿದ ಕೆರೆಯ ಮೇಲೊಂದು ಹಾಡು, ಸೀಟು ಸಿಗದ ಬಸ್ಸಿನ ಮೇಲೊಂದು, ಅರ್ಧ ಕನ್ನಡ ಅರ್ಧ ತೆಲುಗು ಕಲೆಸಿದ್ದು ಇನ್ನೊಂದು. ನಾವು ಮನೆಯಲ್ಲಿ ಆಡೋ ಹಾಗೇ. ಹುಡುಗರು ಕೂದಲು ಬಿಟ್ಟರು. ಮೇಷ್ಟರುಗಳು ಬೈದರು. ದೊಡ್ಡವರು, "ಇದೇನು ಹಾಡಾ, ತಗಡಿನ ಶೀಟು ಗಾಳಿಗೆ ಬಡ್ಕೊಂಡಂಗಿದೆ" ಅಂದರು. ಆಗ ಹಾಗಂದವರ ಮಕ್ಕಳೇ ಈಗ, 'ಕನ್ನಡಕ್ಕೆ ಹೊಸ ದನಿ ಕೊಟ್ಟ ಕಾಲಘಟ್ಟ' ಅಂತ ಬರೆಯುತ್ತಾರೆ. ಬರೆಯಲಿ, ಬೇಡ ಅನ್ನಲ್ಲ. ಆದರೆ ಆ ಕ್ಯಾಸೆಟ್ಟಿನ ಮೇಲೆ ಇದ್ದದ್ದೇನು ಗೊತ್ತಾ? ಹಾಡು: ವೆಂಕಟೇಶ. ಗಿಟಾರ್: ಫಯಾಜ್. ಡ್ರಮ್ಸ್: ಮುನೇಶ್ವರ.

ಮುನೇಶ್ವರ ನಮ್ಮ ಮನೆ ದೇವರು!

ಇದು ನಮ್ಮಣ್ಣನ ಕೆಲಸ. ಅಣ್ಣ ಇರೋದು ಶಿಡ್ಲಘಟ್ಟದಲ್ಲಿ. ನಮ್ಮಲ್ಲಿ ಸೋದರಮಾವನ ಮಾತು ಅಂದರೆ ಮುಗಿಯಿತು, ನಮ್ಮನೆಯವರು ಭಾವಮೈದುನನ ಮುಂದೆ ಬಾಯೇ ಬಿಡೋರಲ್ಲ. ಕ್ಯಾಸೆಟ್ಟಿನ ಕವರು ಅಚ್ಚಿಗೆ ಹೋಗೋ ಹೊತ್ತಿಗೆ ಸರಿಯಾಗಿ ಅಣ್ಣ ಗೌರಿಬಿದನೂರಿನ ಒಂದು ಸಂಬಂಧ ತಂದ. ಜಗಲಿ ಮೇಲೆ ಹರಡಿದ್ದ ಕವರಿನ ಕಾಗದ ಕಂಡ. ಮಂಜುಳ ಅನ್ನೋ ಹೆಸರು ಕಂಡ. ಕಣ್ಣು ಕೆಂಪಾಯಿತು.

"ಇದೇನಮ್ಮ ಇದು? ಗಂಡಿನ ಕಡೆಯೋರು ಕೇಳಿದ್ರೆ ಏನಂತೀಯ? ನಮ್ಮುಡುಗಿ ರಂಗೋಲಿ ಹಾಕ್ತಾಳೆ, ಹಸೆ ಹಾಡು ಹೇಳ್ತಾಳೆ, ಡ್ರಮ್ಮೂ ಬಡೀತಾಳೆ ಅಂತೀಯಾ?"

ಆ ಕಾಗದ ತಂದಿದ್ದ ವೆಂಕಟೇಶ ಮೆಲ್ಲಗೆ, "ಹೆಸರು ತೆಗೆದ್ರೆ ಜಾಗ ಖಾಲಿ ಉಳಿಯುತ್ತಲ್ಲ ಮಾವ" ಅಂದ.

"ಖಾಲಿ ಯಾಕಪ್ಪ ಉಳೀಬೇಕು? ಬೋರ್‌ವೆಲ್ ಕೊರೆಸಿದ್ರೆ ಯಾರ ಹೆಸರು ಬರೀತೀವಿ? ಲಾರಿ ತಗೊಂಡ್ರೆ ಯಾರ ಹೆಸರು? ಮುನೇಶ್ವರ ಅಂತ ಹಾಕು. ದೇವರು ಬಾರಿಸ್ದ ಅಂತ ತಿಳ್ಕೊಂತಾರೆ."

ಅಷ್ಟಕ್ಕೇ ಬಿಡಲಿಲ್ಲ. ಮೂವರನ್ನೂ ಮುನೇಶ್ವರನ ಗುಡಿಗೆ ಕರೆದುಕೊಂಡು ಹೋಗಿ, ಕರ್ಪೂರ ಹಚ್ಚಿಸಿ, ಡ್ರಮ್ಮು ಬಾರಿಸಿದ್ದು ಯಾರು ಅಂತ ಯಾರ ಹತ್ತಿರವೂ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸಿದ. ಫಯಾಜ್‌ಗೆ ನಮ್ಮ ದೇವರ ಆಣೆ ಹತ್ತುತ್ತೋ ಇಲ್ಲವೋ ಅಂತ ಅನುಮಾನ ಬಂದು, ಅವನನ್ನು ಮುರುಗಮಲ್ಲದ ದರ್ಗಾಕ್ಕೂ ಕರೆದೊಯ್ದು ಅಲ್ಲೂ ಒಂದು ಆಣೆ ಹಾಕಿಸಿಕೊಂಡು ಬಂದ. ಕಟ್ಟಿದ ಗಂಟಿನ ಮೇಲೆ ಇನ್ನೊಂದು ಗಂಟು! ನನ್ನನ್ನು ಯಾರಾದರೂ ಒಂದು ಮಾತು ಕೇಳಿದರಾ? ಇಲ್ಲ. ನನಗೆ ಹೇಳಿದ್ದು, ಇನ್ನೊಂದು ಲೋಟ ಕಾಫಿ ತಾ ಅಂತ.

ಈಗ ತಮಾಷೆ ಕೇಳಿ. ಕ್ಯಾಸೆಟ್ಟು ಊರೂರು ಹಬ್ಬಿದ ಮೇಲೆ ಗೌರಿಬಿದನೂರಿನ ಗಂಡು ಹೆಣ್ಣು ನೋಡೋಕೆ ಬಂದ. ನಾಗರಾಜ ಅಂತ, ಸ್ವಂತ ಟೆಂಪೋ, ತರಕಾರಿ ಲೋಡು ಹೊಡೆಯೋ ಕೆಲಸ. ಆ ಟೆಂಪೋ ನಮ್ಮ ಬೀದಿಗೆ ತಿರುಗುವಾಗಲೇ ಕೇಳಿಸಿತು, ಧಡ ಧಡ ಧಡ ಅಂತ. ಒಳಗಿಂದ ಬರುತ್ತಿದ್ದದ್ದು 'ಹುಳದ ಮನೆ' ಕ್ಯಾಸೆಟ್ಟು! ಅಣ್ಣನ ಮುಖ ಸುಟ್ಟ ಬದನೆಕಾಯಿ ಆಯಿತು. ಹುಡುಗ ಇಳಿದು ಕೈಕಾಲು ತೊಳೆದು, ಉಪ್ಪಿಟ್ಟು ತಿನ್ನುತ್ತಾ, "ಈ ಕಡೆಯವರದೇ ಅಂತೆ ಹಾಡು. ಆ ಮುನೇಶ್ವರ ಅನ್ನೋನು ಸಿಕ್ಕಿದ್ರೆ ಕೈ ಮುಗೀಬೇಕು ಅತ್ತೆ, ಏನು ಬಾರಿಸ್ತಾನೆ ಗೊತ್ತಾ" ಅಂದ. ತಟ್ಟೆ ಹಿಡಿದು ನಿಂತಿದ್ದ ಮಂಜಿ ತಲೆ ತಗ್ಗಿಸಿದಳು. ನಾಚಿಕೆ ಅಂದುಕೊಂಡರು ಎಲ್ಲರೂ. ಗಂಡಿನ ಕಡೆಯವರಿಗೆ ಗೊತ್ತಾಗಬಾರದು ಅಂತ ಯಾವುದನ್ನು ಮುಚ್ಚಿಟ್ಟೆವೋ, ಅದನ್ನೇ ಮೆಚ್ಚಿಕೊಂಡು ಬಂದವನ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಆಗಲಾದರೂ ಅಣ್ಣ ಆಣೆ ಬಿಡಿಸಬಹುದಿತ್ತು. "ಗಂಡಸಿಗೆ ಕೇಳೋಕೆ ಚೆನ್ನಾಗಿರುತ್ತೆ, ಹೆಂಡ್ತಿ ಅಂದ್ರೆ ಬೇರೆ" ಅಂದುಬಿಟ್ಟ.

ಮದುವೆ ಆಯಿತು. ಟೆಂಪೋದಲ್ಲಿ ಆ ಕ್ಯಾಸೆಟ್ಟು ತೇಯುವ ತನಕ ಹಾಡಿತು. ನಾಗರಾಜ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಾ ಮುನೇಶ್ವರನನ್ನು ಹೊಗಳುತ್ತಿದ್ದ, ಪಕ್ಕದಲ್ಲಿ ನನ್ನ ಮಗಳು ಕಿಟಕಿಯ ಆಚೆ ನೋಡುತ್ತಾ ಕೂತಿರುತ್ತಿದ್ದಳು. ಡ್ರಮ್ಮು ಮತ್ತೆ ಮುಟ್ಟಲಿಲ್ಲ. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಯಾರನ್ನಾದರೂ ಹಿಡಿದು ಬೈಯಬೇಕು ಅನಿಸುತ್ತದೆ. ಯಾರೂ ಸಿಗದಿದ್ದರೆ ಎಮ್ಮೆಯನ್ನು ಬೈಯುತ್ತೇನೆ.

ವರ್ಷ ಕಳೆದ ಹಾಗೆ ಮುನೇಶ್ವರ ದೊಡ್ಡವನಾಗುತ್ತಾ ಹೋದ. ಪೇಪರಿನಲ್ಲಿ ಬರೆದರು: 'ಅಜ್ಞಾತ ಡ್ರಮ್ಮರ್', 'ಬಯಲುಸೀಮೆಯ ಗಂಡಸಿನ ಸಿಟ್ಟು ಆ ಕೈಯಲ್ಲಿದೆ.' ಗಂಡಸಿನ ಸಿಟ್ಟಂತೆ! ಸೊಪ್ಪು ಹೆಚ್ಚಿ, ಸಗಣಿ ಬಾಚಿ, ನೀರು ಸೇದಿ ಬಂದ ಹುಡುಗಿಯ ಸಿಟ್ಟು ಕಣ್ರಪ್ಪ ಅದು. ಒಬ್ಬರು ಅವನು ಅಪಘಾತದಲ್ಲಿ ಸತ್ತ ಅಂದರು. ಇನ್ನೊಬ್ಬರು ಸನ್ಯಾಸಿಯಾದ ಅಂದರು. ನನ್ನ ಮಗಳು ಗೌರಿಬಿದನೂರಿನಲ್ಲಿ ಕುಕ್ಕರ್ ಇಟ್ಟು ವಿಷಲ್ ಎಣಿಸುತ್ತಿದ್ದಳು, ಇಲ್ಲಿ ಅವಳಿಗೆ ತಿಥಿ ಮಾಡಿ ಮುಗಿಸಿದ್ದರು. ಕೊನೆಗೆ, ಪ್ಲೇಟು ಬರುತ್ತೆ ಅನ್ನೋ ಸುದ್ದಿ ಹಬ್ಬಿದ ಮೇಲೆ, ಗಡ್ಡದವನೊಬ್ಬ ಮೊಬೈಲ್ ವಿಡಿಯೋದಲ್ಲಿ ಬಂದು, "ಆ ಮುನೇಶ್ವರ ನಾನೇ, ಇಷ್ಟು ದಿನ ಮೌನವಾಗಿದ್ದೆ" ಅಂತ ಕಣ್ಣೊರೆಸಿಕೊಂಡ. ಕಂಪನಿಯವರು ಅವನ ಫೋಟೋ ಕವರಿನ ಮೇಲೆ ಹಾಕುವುದು ಅಂತಾಯಿತು. ವೆಂಕಟೇಶನಿಗೆ, ಫಯಾಜ್‌ಗೆ ಫೋನ್ ಮಾಡಿ ಕೇಳಿದರೆ ಇಬ್ಬರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಣೆ!

ಇಂಥ ಹೊತ್ತಲ್ಲಿ ನನ್ನ ಬಾಯಿ ಕೆಲಸಕ್ಕೆ ಬಂತು. ಜನ್ಮದಲ್ಲಿ ಮೊದಲ ಸಲ.

ಆ ಕ್ಯಾಸೆಟ್ಟಿನ ಕೊನೇ ಹಾಡು ನಡುವೆಯೇ ತಟ್ಟನೆ ನಿಂತುಹೋಗುತ್ತದೆ. ಅದರ ಬಗ್ಗೆಯೂ ಬರೆದಿದ್ದಾರೆ, 'ಧೈರ್ಯದ ಮೌನ' ಅಂತ. ಕಂಪನಿಯವರು ಮೂಲ ಟೇಪು ಹಾಕಿ ಕೇಳಿದರೆ, ಆಗ ಕತ್ತರಿಸಿ ತೆಗೆದಿದ್ದ ಆ ಮೌನದ ಜಾಗದಲ್ಲಿ ಒಬ್ಬ ಹೆಂಗಸು ಕಿರುಚುತ್ತಿದ್ದಾಳೆ. ಅವರು ಅದನ್ನು ಮೊಬೈಲಿನಲ್ಲಿ ಎಲ್ಲರಿಗೂ ಕೇಳಿಸಿ, ಇದು ಯಾರ ದನಿ ಅಂತ ಕೇಳಿದರು. ಗೌರಿಬಿದನೂರಿನ ಮನೆಯಲ್ಲಿ ಸಿಂಚನ ಫೋನು ಒತ್ತಿದಳು. ಹೊರಟಿತು ನೋಡಿ: "ಮಂಜೀ! ಹಸು ಬಡ್ಕೊಂತಾ ಇದೆ, ಹಾಲು ಕರೆಯೋರು ಯಾರೇ? ಸಾಕು ಬಡಿದಿದ್ದು, ಬಾರೇ ಈಚೆಗೆ!"

ನನ್ನದೇ ದನಿ. ನಾಗರಾಜ ಅಲ್ಲೇ ಊಟಕ್ಕೆ ಕೂತಿದ್ದನಂತೆ. ಕೈ ತಟ್ಟೆಯಲ್ಲೇ ಉಳಿಯಿತಂತೆ. ಸಾವಕಾಶವಾಗಿ ಹೆಂಡತಿಯ ಕಡೆ ತಿರುಗಿ, "ಮುನೇಶ್ವರ... ನೀನಾ?" ಅಂದ. ಮಂಜಿ ಹೌದು ಅನ್ನಲಿಲ್ಲ, ಆಣೆ ಇದೆಯಲ್ಲ. ನೀರಿನ ಲೋಟ ಮುಂದಿಟ್ಟಳು.

"ನಿನ್ನ ಪಕ್ಕದಲ್ಲೇ ಕೂತು ಎಷ್ಟು ಸಲ ಸ್ಟೀರಿಂಗ್ ಬಡಿದಿದೀನಿ ನಾನು. ಒಂದ್ಸಲಾನಾದ್ರೂ ಹೇಳ್ಬಾರ್ದಿತ್ತೇನೆ?"

"ಎಲ್ಲಾ ಸಲಾನೂ ತಪ್ಪು ಬಡೀತಿದ್ರಿ. ಅದೊಂದನ್ನಾದ್ರೂ ಹೇಳ್ಬೇಕು ಅಂತ ನಾಲಿಗೆ ತುದಿಗೆ ಬರ್ತಿತ್ತು" ಅಂದಳಂತೆ. ಅವನಿಗೆ ನಗು ಬಂತೋ ಅಳು ಬಂತೋ, ಸಿಂಚನಳಿಗೆ ತಿಳಿಯಲಿಲ್ಲ.

ಸಿಂಚನ ಕಂಪನಿಗೆ ತಿಳಿಸಿದಳು. ಆದರೆ ದನಿ ಸಿಕ್ಕರೆ ಸಾಲದು, ಮಂಜಿ ಅನ್ನೋಳು ಹಾಲು ಕರೆಯೋಳು, ಏನೋ ಬಡೀತಿದ್ದಳು ಅಂತ ಮಾತ್ರ ಗೊತ್ತಾಗುತ್ತೆ, ಡ್ರಮ್ಮು ಬಾರಿಸಿದ್ದು ಅವಳೇ ಅಂತ ಜೊತೆಗಿದ್ದ ಇಬ್ಬರು ಹೇಳಲೇಬೇಕು ಅಂದರು ಕಂಪನಿಯವರು. ಬೇಗ ಹೇಳಿ, ಕವರು ಅಚ್ಚಿಗೆ ಹೋಗುತ್ತೆ ಅಂದರು. ಮಂಜಿ ಫೋನಲ್ಲಿ, "ಬಿಡಮ್ಮ, ಹಳೇದೆಲ್ಲ ಯಾಕೆ" ಅಂದಳು. ಅಂದ ರೀತಿಯಲ್ಲೇ ಗೊತ್ತಾಯಿತು ಬಿಟ್ಟಿಲ್ಲ ಅಂತ. ಸುದ್ದಿ ಹೊತ್ತು ನನ್ನ ಹತ್ತಿರ ಓಡಿಬಂದಿದ್ದ ಸಿಂಚನಳನ್ನು ಕರೆದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅಣ್ಣನಿಗೆ ಈಗ ಕಿವಿ ಮಂದ, ಹಠ ಮಾತ್ರ ಚುರುಕು. ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ.

"ಆಣೆ ಬಿಡ್ಸು ಅಣ್ಣ" ಅಂದೆ.

"ಆಗಿದ್ದಾಯ್ತಲ್ಲಮ್ಮ. ಒಳ್ಳೆ ಗಂಡ ಸಿಕ್ದ, ಮಗಳಾದ್ಲು. ಈಗ ಯಾತಕ್ಕೆ ಹೆಸರು ಅವಳಿಗೆ?"

"ನಿನಗ್ಯಾತಕ್ಕೆ? ಡೈರಿ ಬಾಗಿಲ ಕಲ್ಲಿನ ಮೇಲೆ ದೊಡ್ಡಕ್ಷರದಲ್ಲಿ ನಿನ್ನ ಹೆಸರು ಕೆತ್ಸಿದೀಯಲ್ಲ, ಒಂದು ದಿನ ಹಸು ಕೆಚ್ಚಲು ಮುಟ್ಟಿದೀಯಾ? ಹಾಲು ಕರೆದೋಳು ಅತ್ತಿಗೆ. ಅವಳ ಹೆಸರೆಲ್ಲಿ?"

ಒಳಗೆ ಅತ್ತಿಗೆಯ ಪಾತ್ರೆ ಸದ್ದು ನಿಂತಿತು. ಅಣ್ಣ ಕಡಲೆಕಾಯಿ ಬಿಡಿಸುತ್ತಲೇ ಇದ್ದ, ಕೇಳಿಸದವನ ಹಾಗೆ. ಕೇಳಿಸಿತ್ತು. ಆಗ ಸಿಂಚನ ಸುಮ್ಮನಿರಲಾರದೆ ಆ ಗಡ್ಡದವನ ವಿಡಿಯೋ ಹಾಕಿ, ಫೋನನ್ನು ಅವನ ಕಿವಿಗೇ ಹಿಡಿದಳು. "ಆ ಮುನೇಶ್ವರ ನಾನೇ..."

ಅಣ್ಣ ಎದ್ದು ನಿಂತ. ಕಡಲೆಕಾಯಿ ನೆಲದ ಪಾಲು. ಸಿಟ್ಟು ಬಂದರೆ ಅವನಿಗೆ ತೆಲುಗೇ ಬರೋದು. "ಎವುಡ್ರಾ ವಾಡು?" ಅಂತ, ಯಾವನೋ ಅವನು ಅಂತ ಬೀದಿಗೆ ಕೇಳುವ ಹಾಗೆ ಕೂಗಿದ. "ನಮ್ಮ ಮನೆ ದೇವರೇ ನಾನು ಅಂತಾನಾ? ದೇವರಿಗೆ ಅವಮಾನ ಅಲ್ವೇನೇ ಇದು? ಟವಲ್ ಕೊಡೇ. ನಡೀರಿ, ಈಗ್ಲೇ ಬಿಡಿಸ್ತೀನಿ ಆಣೆ!"

ನೀವೇ ಹೇಳಿ, ನಾನು ಸಂತೋಷ ಪಡಬೇಕಾ, ತಲೆ ಚಚ್ಚಿಕೊಳ್ಳಬೇಕಾ? ತಂಗಿಯ ಮಗಳ ಹೆಸರು ಇಷ್ಟು ವರ್ಷ ಮಣ್ಣಲ್ಲಿ ಹೂತಿದ್ದು ಈ ಮಹಾನುಭಾವನಿಗೆ ಕಾಣಲಿಲ್ಲ. ಕಲ್ಲಿನ ದೇವರ ಹೆಸರಿಗೆ ಧಕ್ಕೆ ಬಂತು ಅಂದ ತಕ್ಷಣ ಟವಲ್ ಹೆಗಲಿಗೆ ಬಂತು. ಬಾಯಿತನಕ ಬಂದದ್ದನ್ನು ನುಂಗಿದೆ. ಬಸ್ಸು ಹೊರಟಿರುವಾಗ ಡ್ರೈವರ್ ಜೊತೆ ಜಗಳ ಆಡಬಾರದು.

ಗುಡಿಯಲ್ಲಿ ತೆಂಗಿನಕಾಯಿ ಒಡೆದು, ತಪ್ಪುಕಾಣಿಕೆ ಹಾಕಿ, "ಮಾತು ವಾಪಸ್ ತಗೊಂಡಿದೀವಿ ಸ್ವಾಮಿ" ಅಂತ ಅಣ್ಣ ಅಡ್ಡಬಿದ್ದ. ವೆಂಕಟೇಶ ಈಗ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಮೇಷ್ಟ್ರು, ತಲೆ ಬೋಳಾಗಿದೆ, ಅವನು ಬಂದ. ಫಯಾಜ್ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದ. "ಅಮ್ಮಾ, ಎರಡು ಕಡೆ ಬೀಗ ಹಾಕಿಸ್ಕೊಂಡೋನು ನಾನೊಬ್ಬನೇ" ಅಂತ ನಗುತ್ತಾ, ಗುಡಿ ಕಟ್ಟೆಯ ಮೇಲೆ ಕೂತೇ ಕಂಪನಿಗೆ ಫೋನ್ ಹಚ್ಚಿದ. ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಗೌರಿಬಿದನೂರಿನಿಂದ ಬಂದಿದ್ದ ಮಂಜಿ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದಳು. ಗಡ್ಡದವನು ವಿಡಿಯೋ ಅಳಿಸಿ ಮಾಯವಾದ.

ನನ್ನ ಕೂಗನ್ನೂ ಪ್ಲೇಟಿನಲ್ಲಿ ಉಳಿಸಿದ್ದಾರೆ. ಕೆಳಗೆ ಸಣ್ಣಕ್ಷರದಲ್ಲಿ 'ಕೂಗು: ಡ್ರಮ್ಮರ್ ಅವರ ತಾಯಿ' ಅಂತ ಇದೆ. ನನಗೂ ಒಂದು ಹೆಸರಿದೆ ಅನ್ನೋದು ಯಾರಿಗೂ ಹೊಳೆಯಲಿಲ್ಲ ನೋಡಿ! ಇದಕ್ಕೂ ಒಂದು ಜಗಳ ತೆಗೆಯಬೇಕು ಅಂತಿದ್ದೆ. ಆಮೇಲೆ 'ಡ್ರಮ್ಮರ್ ಅವರ ತಾಯಿ' ಅಂತ ಜೋರಾಗಿ ಹೇಳಿಕೊಂಡು ನೋಡಿದೆ. ಇರಲಿ ಬಿಡಿ, ಇದೊಂದು ಸಲ.

ಸಂಜೆ ಎಲ್ಲರೂ ಬಂದರು. ಗೌರಿಬಿದನೂರಿನಿಂದ ಮಂಜಿ, ನಾಗರಾಜ. ಶಿಡ್ಲಘಟ್ಟದಿಂದ ಅಣ್ಣ, ಅತ್ತಿಗೆ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಒಬ್ಬಟ್ಟು. ನಮ್ಮಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಕೂರುವುದು ರೂಢಿ. ಇವತ್ತು ನಾಗರಾಜನೇ ಹೆಂಡತಿಯ ಕೈಯಿಂದ ಸೌಟು ಕಿತ್ತುಕೊಂಡು, "ಕೂತ್ಕೊ, ಎಲ್ರೂ ಒಟ್ಟಿಗೇ" ಅಂದ. ನಮ್ಮನೆಯವರು ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಬಿಟ್ಟರು.

ಅಣ್ಣ ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಕ್ರೋ ಕೇಳಾಣ" ಅಂದ. ಅದನ್ನು ಹಾಡಿಸೋ ಯಂತ್ರ ನಮ್ಮ ಯಾರ ಮನೆಯಲ್ಲೂ ಇಲ್ಲ ಅಂತ ಆಗಲೇ ಎಲ್ಲರಿಗೂ ಹೊಳೆದದ್ದು. ಫೋನಲ್ಲಿ ಹಾಕ್ಲಾ ಅಂತ ಸಿಂಚನ ಎದ್ದರೆ, ಫೋನಿನದು ತನ್ನ ಕಿವಿಗೆ ಹತ್ತಲ್ಲ ಅಂದ. ಸ್ವಲ್ಪ ಹೊತ್ತು ಮುದ್ದೆ ನುಂಗಿ, ತಟ್ಟೆ ನೋಡುತ್ತಲೇ, "ನಾನು ಇದನ್ನ ಒಂದ್ಸಲಾನೂ ಕೇಳ್ಲಿಲ್ಲ ಕಣಮ್ಮ" ಅಂದ. ಕೇಳದೇ ಇದ್ದದ್ದಕ್ಕೆ ಬೀಗ ಹಾಕಿದ್ದವನು.

"ಮಂಜಮ್ಮ, ಏಳು. ಆ ಬಿಂದಿಗೆನೋ ಬಕೆಟ್ಟೋ ಏನಾದ್ರೂ ತಗೊಂಡು ಬಾರ್ಸು, ನೋಡಾಣ. ಏಳಮ್ಮ."

ಮಂಜಿ ತಲೆ ಎತ್ತಿದಳು. ಕೈಯಲ್ಲಿ ಸಾರಿಗೆ ಅದ್ದಿದ ಮುದ್ದೆಯ ತುತ್ತು.

"ಊಟ ಮಾಡ್ತಾ ಇದೀನಿ ಮಾವ. ಮುಗೀಲಿ. ಕಾಯಿರಿ."

ಅಣ್ಣನ ಊಟ ಮುಗಿದಿತ್ತು, ನಾಗರಾಜನದೂ ಮುಗಿದಿತ್ತು. ಕೈ ಒಣಗುತ್ತಿದ್ದರೂ ಯಾರೂ ಏಳಲಿಲ್ಲ. ಅವಳು ಅವಸರವಿಲ್ಲದೆ ಆ ತುತ್ತು ನುಂಗಿ, ನನ್ನ ಕಡೆ ತಿರುಗಿ, "ಅಮ್ಮ, ಇನ್ನರ್ಧ ಮುದ್ದೆ ಹಾಕು" ಅಂದಳು.

ನಾನು ಇಡೀ ಮುದ್ದೆ ಹಾಕಿದೆ.